ಚಿಕ್ಕ ಹಾಯಿದೋಣಿಯಲ್ಲಿ ಇರುಳನ್ನು ಕಳೆಯುವ ಬಗೆ

ಅಬಲೂರಿನ ಗೃಹಸ್ಥರ ಮುಂದೆ ಹಾಯಿದೋಣಿಯ ಮಾತನ್ನು ತೆಗೆಯುವದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಈ ಊರಿನಲ್ಲಿ ಸೋಮೇಶ್ವರನ ಪುರಾತನ ಗುಡಿಯುಂಟು, ಸರ್ವಜ್ಞನ ಜನ್ಮಸ್ಥಳವೆಂಬ ಪ್ರತೀತಿಯುಂಟು, ಆದರೆ ಕಡಲಿಲ್ಲ. ಇಲ್ಲಿ ಬಿದ್ದ ಮಳೆಯ ನೀರು ಸಹ ಹತ್ತಿರದ ಪಡುಗಡಲನ್ನು ಬಿಟ್ಟು, ತುಂಗಭದ್ರೆಯನ್ನು ಸೇರಿ, ಎಷ್ಟೋ ದೂರದ ಮೂಡುಗಡಲಿಗೆ ಹೋಗುವದು. ಹೀಗಿದ್ದರೂ ಹಾನಗಲ್ಲು, ಶಿರಸಿಗಳ ಮೇಲೆ ಹಾಯ್ದು ದೇವಿಮನೆಯ ಘಟ್ಟವನ್ನಿಳಿದರೆ ಒಂದೇ ದಿನದೊಳಗೆ ಕುಮಟೆಯ ಕಡಲಂಚನ್ನು ಮುಟ್ಟಬಹುದು. ರಜೆಯ ದಿನಗಳಲ್ಲಿ ಹಿರೇಕೆರೂರು, ಶಿಗ್ಗಾಂವಿ, ಸವಣೂರುಗಳ ಕಡೆಯ ಎಷ್ಟೋ ಕುಟುಂಬಗಳು ಗೋಕರ್ಣ, ಹೊನ್ನಾವರ, ಕಾರವಾರಗಳಿಗೆ ಹೋಗಿ ಬರುತ್ತಿರುವವು. ಹಗಲಿನಲ್ಲಿ ಒಂದು ಗಳಿಗೆ ದೋಣಿಯಲ್ಲಿ ಕುಳಿತು ಬಂದವರಿಗೆ, ಒಂದು ಇರುಳನ್ನು ನೀರಿನ ಮೇಲೆಯೇ ಏಕೆ ಕಳೆಯಬಾರದೆಂಬ ಆಶೆಯು ಹುಟ್ಟುವದು ಸಹಜವು. ಆ ಆಶೆಯುಳ್ಳವರಿಗಾಗಿಯೇ ಈ ತಿಂಗಳಿನ ಲೇಖನವು.

ನೀರನ್ನು ಅರಿಯದ ನಾಡಿನವರು ನೀರಿಗೆ ಹೋಗುವಾಗ ಎಷ್ಟು ಎಚ್ಚರದಿಂದಿರಬೇಕೆಂಬದಕ್ಕೆ ದೂರದ ಉದಾಹರಣೆಯು ಬೇಕಾಗಿಲ್ಲ. ೨೦೧೯ನೆಯ ಇಸವಿಯ ಜನವರಿ ೨೧ರಂದು ಕಾರವಾರದ ಬಳಿಯ ಕೂರ್ಮಗಡ ನಡುಗಡ್ಡೆಯ ನರಸಿಂಹನ ಜಾತ್ರೆಯನ್ನು ಮುಗಿಸಿಕೊಂಡು ಮರಳುತ್ತಿದ್ದ ದೋಣಿಯೊಂದು ಮಗುಚಿ ೧೬ ಮಂದಿ ಜೀವಕ್ಕೆ ಎರವಾದರು. ಅವರಲ್ಲಿ ನಮ್ಮ ಹಾವೇರಿ ಜಿಲ್ಲೆಯಿಂದ ಹೋದ ಕುಟುಂಬದವರೇ ಅನೇಕರು. ದೋಣಿಯಲ್ಲಿ ಮಿತಿ ಮೀರಿ ಜನರಿದ್ದರೆಂದೂ, ಬಹುಮಂದಿಯ ಮೈಮೇಲೆ ಜೀವರಕ್ಷಕ ಅಂಗಿಯು ಇರಲಿಲ್ಲವೆಂದೂ ಆಗ ವರದಿಯಾಯಿತು. ಅದು ಯಂತ್ರದ ದೋಣಿ, ಹೊತ್ತು ಹಗಲು, ದಡವು ಕಣ್ಣಿಗೆ ಕಾಣುತ್ತಿತ್ತು. ಹಗಲಿನಲ್ಲಿ ಹೀಗಾದರೆ ಇರುಳಿನ ಪಾಡೇನು? ಆದುದರಿಂದ ಈ ಲೇಖನದಲ್ಲಿ ಸುಖವನ್ನೂ ಸುರಕ್ಷೆಯನ್ನೂ ಬೇರೆ ಬೇರೆಯಾಗಿ ಹೇಳಿಲ್ಲ. ಚಿಕ್ಕ ದೋಣಿಯಲ್ಲಿ ಅವೆರಡೂ ಒಂದೇ. ಮೈ ಒಣಗಿ, ಹೊಟ್ಟೆ ತುಂಬಿ, ಕಣ್ಣಿಗೆ ನಿದ್ರೆ ಬಂದ ಮನುಷ್ಯನು ತಪ್ಪು ಮಾಡುವದು ಕಡಿಮೆ. ತೊಯ್ದು, ಹಸಿದು, ನಿದ್ರೆಗೆಟ್ಟವನು ಮಾಡುವ ತಪ್ಪಿಗೆ ನೀರಿನ ಮೇಲೆ ಕ್ಷಮೆಯಿಲ್ಲ. ಇನ್ನು ಆ ಸುಖವು ಹೆಚ್ಚು ಸಾಮಾನನ್ನು ಹೊತ್ತುಕೊಂಡು ಹೋದುದರಿಂದ ಬರುವದಿಲ್ಲ. ಹೊತ್ತು ಮುಳುಗುವ ಮುಂಚೆ ಮಾಡಿಟ್ಟ ಏರ್ಪಾಡಿನಿಂದ ಬರುವದು. ನಮ್ಮ ಮಾತೆಲ್ಲ ಇದರ ವಿಸ್ತಾರವೇ.

ಈ ಪಾಠವು ನಮ್ಮ ಸೀಮೆಗೆ ಹೊಸದಲ್ಲ. ಅಮೇರಿಕೆಯಲ್ಲಿ ೧೮೬೧ರಿಂದ ೧೮೬೫ರ ವರೆಗೆ ಅಂತರ್ಯುದ್ಧವು ನಡೆದು, ಅಲ್ಲಿಯ ಹತ್ತಿಯು ಇಂಗ್ಲಂಡಕ್ಕೆ ಬಾರದಂತಾದಾಗ ಧಾರವಾಡ ಪ್ರಾಂತದ ಹತ್ತಿಗೆ ಎಲ್ಲಿಲ್ಲದ ಬೆಲೆಯು ಬಂದಿತು. ಅರಳೆಯ ಹೊರೆಗಳು ಎತ್ತಿನ ಬಂಡಿಗಳಲ್ಲಿ ಘಟ್ಟವನ್ನಿಳಿದು ಕುಮಟೆಗೆ ಹೋಗಿ, ಅಲ್ಲಿಂದ ಹಾಯಿಹಡಗುಗಳಲ್ಲಿ ಮುಂಬಯಿಗೆ ಸಾಗುತ್ತಿದ್ದವು. ಆ ಹತ್ತಿಗೆ ಪೇಟೆಯಲ್ಲಿ ‘ಕುಮಟಾ ಹತ್ತಿ’ ಎಂಬ ಹೆಸರೇ ನಿಂತುಹೋಯಿತು. ೧೮೮೦ರ ದಶಕದಲ್ಲಿ ಉಗಿಬಂಡಿಯ ಹಾದಿಯು ಬಂದ ಮೇಲೆ ಆ ವ್ಯಾಪಾರವು ಕುಮಟೆಯನ್ನು ಬಿಟ್ಟಿತು. ಅನೇಕ ಇರುಳುಗಳನ್ನು ಹಾದಿಯಲ್ಲಿ ಕಳೆಯುವ ಬಂಡಿಯವನು ಹೊತ್ತಿರುವಾಗಲೇ ತಂಗುವ ಸ್ಥಳವನ್ನು ನೋಡುವನು, ಸಮನೆಲವನ್ನು ಆರಿಸಿ ಗಾಲಿಗೆ ಕಲ್ಲು ಕೊಡುವನು, ಬಂಡಿಗೆ ಕಂದೀಲನ್ನು ತೂಗುಹಾಕುವನು, ಬುತ್ತಿಯನ್ನು ಬಿಚ್ಚುವನು, ಪಾಳಿಯಿಂದ ಒಬ್ಬನು ಎಚ್ಚರವಿರುವನು. ದೋಣಿಯವನು ಮಾಡತಕ್ಕದ್ದೂ ಇದೇ. ಗಾಲಿಯ ಕಲ್ಲಿನ ಬದಲು ಲಂಗರು, ಹುಲ್ಲಿನ ಬದಲು ಹಲಿಗೆ, ಅಷ್ಟೇ ಭೇದವು.

ಕಾಲ ಮತ್ತು ಸ್ಥಳ. ಜೂನದಿಂದ ಸಪ್ಟಂಬರದ ವರೆಗೆ ಪಡುಗಡಲು ನಮ್ಮ ವಿನೋದಕ್ಕೆ ಇರುವದಲ್ಲ. ಬಲ್ಲ ಮೀನುಗಾರರ ಯಂತ್ರದೋಣಿಗಳಿಗೇ ಕರ್ನಾಟಕದಲ್ಲಿ ಜೂನ ೧ರಿಂದ ಜುಲೈ ೩೧ರ ವರೆಗೆ ಮೀನುಗಾರಿಕೆಯು ನಿಷಿದ್ಧವಾಗಿರುವದು. ಡಿಸೆಂಬರ, ಜನವರಿ, ಫೆಬ್ರುವರಿಗಳೇ ಹೊಸಬರಿಗೆ ತಕ್ಕ ತಿಂಗಳುಗಳು. ಆಗ ಮಧ್ಯಾಹ್ನದ ಮೇಲೆ ಕಡಲಿನಿಂದ ನೆಲದ ಕಡೆಗೆ ಗಾಳಿಯು ಬೀಸಿ, ಸಂಜೆಗೆ ತಗ್ಗಿ, ಇರುಳು ಕಳೆದಂತೆ ನೆಲದಿಂದ ಕಡಲಿನ ಕಡೆಗೆ ತಣ್ಣನೆಯ ಗಾಳಿಯು ಹೊರಡುವದು. ಹಿಂದಿನ ಮಚವೆಗಳವರು ನಸುಕಿನ ನೆಲಗಾಳಿಯಿಂದ ಹೊರಬಿದ್ದು ಮಧ್ಯಾಹ್ನದ ಕಡಲಗಾಳಿಯಿಂದ ಮರಳುತ್ತಿದ್ದರು. ಹೊರಡುವ ಮುನ್ನ ಹವಾಮಾನ ಇಲಾಖೆಯ ಮುನ್ಸೂಚನೆಯನ್ನೂ, ಹೈದರಾಬಾದಿನಲ್ಲಿರುವ ‘ಇನ್‌ಕಾಯ್ಸ್’ ಸಂಸ್ಥೆಯು ಪ್ರಕಟಿಸುವ ತೆರೆಗಳ ಎಚ್ಚರಿಕೆಯನ್ನೂ ನೋಡಿಕೊಳ್ಳತಕ್ಕದ್ದು. ಆಕಾಶವು ತಿಳಿಯಾಗಿದ್ದರೂ ದೂರದ ಬಿರುಗಾಳಿಯಿಂದ ಎದ್ದ ತೆರೆಗಳು ನಮ್ಮ ದಡಕ್ಕೆ ಬರುವದುಂಟು.

ಮೊದಲನೆಯ ಇರುಳನ್ನು ತೆರೆದ ಕಡಲಿನಲ್ಲಿ ಕಳೆಯಲೇ ಕೂಡದು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಈ ನಾಲ್ಕು ನದಿಗಳು ಕಡಲನ್ನು ಸೇರುವಲ್ಲಿ ಅಳಿವೆಯ ಒಳಗೆ ವಿಶಾಲವಾದ ಶಾಂತಜಲವು ಇರುವದು. ಇವುಗಳಲ್ಲಿ ಅಘನಾಶಿನಿಗೆ ದೊಡ್ಡ ಅಣೆಕಟ್ಟುಗಳಿಲ್ಲ. ಕಾಳಿ, ಶರಾವತಿಗಳಲ್ಲಿಯಾದರೋ ಮೇಲಿನ ಅಣೆಕಟ್ಟುಗಳಿಂದ ನೀರನ್ನು ಬಿಟ್ಟಾಗ ಸೆಳವು ಹೆಚ್ಚುವದುಂಟು. ಅದನ್ನು ಸ್ಥಳಿಕರಿಂದ ಕೇಳಿ ತಿಳಿದುಕೊಳ್ಳಬೇಕು. ಕಾರವಾರದ ದಕ್ಷಿಣಕ್ಕೆ ಅರಗಾ ಹಾಗೂ ಅಂಜದೀವಗಳ ಸುತ್ತಿನ ನೀರು ನೌಕಾಪಡೆಯದು, ಅತ್ತ ಸುಳಿಯಬಾರದು. ಎಲ್ಲಿಯೇ ಆಗಲಿ, ಬಂದರಿನ ಕಚೇರಿಗೂ ಕರಾವಳಿ ಕಾವಲು ಪೋಲೀಸ ಠಾಣೆಗೂ ಮೊದಲು ತಿಳಿಸಿ ಅಪ್ಪಣೆ ಪಡೆದೇ ಇರುಳು ತಂಗತಕ್ಕದ್ದು.

ಅಳಿವೆಯ ಬಾಯಿಯಲ್ಲಿ ಮರಳಿನ ದಿಣ್ಣೆಯಿರುವದು. ಇಳಿತದ ನೀರು ಹೊರಕ್ಕೆ ನುಗ್ಗುತ್ತಿರುವಾಗ ಕಡಲಿನ ತೆರೆಯು ಎದುರಾಗಿ ಬಂದರೆ ಅಲ್ಲಿ ನೀರು ಗೋಡೆಯಂತೆ ಏಳುವದು. ಕತ್ತಲೆಯಲ್ಲಿ ಆ ಬಾಯಿಯನ್ನು ದಾಟುವ ಸಾಹಸವು ಬೇಡ. ಈ ವಿಷಯದಲ್ಲಿ ರವೀಂದ್ರನಾಥ ಠಾಕೂರರ ದೃಷ್ಟಾಂತವು ನಮಗೆ ಸಾಕು. ೧೮೮೦ರ ದಶಕದ ಆರಂಭದಲ್ಲಿ ಅವರ ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದಾಗ, ತರುಣ ರವೀಂದ್ರರು ಒಂದು ಸಂಜೆ ಮನೆಯವರೊಡನೆ ಸಣ್ಣ ದೋಣಿಯಲ್ಲಿ ಕಾಳೀನದಿಯನ್ನು ಏರಿ ಹೋದರು. ಹಳೆಯ ಕೋಟೆಯೊಂದರ ಬಳಿಯಲ್ಲಿ ಇಳಿದು, ಒಕ್ಕಲಿಗನೊಬ್ಬನ ಅಂಗಳದ ಬೆಳ್ದಿಂಗಳಲ್ಲಿ ಕಟ್ಟಿಕೊಂಡು ಹೋದ ಬುತ್ತಿಯನ್ನು ಉಂಡರು. ಮರಳುವಾಗ ಅಳಿವೆಯನ್ನು ಮುಟ್ಟಲು ಬಹಳ ಹೊತ್ತಾದುದರಿಂದ ಕಡಲಿನ ದಾರಿಯನ್ನು ಬಿಟ್ಟು, ಅಲ್ಲಿಯೇ ಇಳಿದು ಮರಳಿನ ಮೇಲೆ ನಡೆದು ಮನೆಯನ್ನು ಸೇರಿದರು. ತಮ್ಮ ನೆನಪುಗಳಲ್ಲಿ ಅವರು ಈ ಇರುಳನ್ನು ಬಹು ಸಂತೋಷದಿಂದ ಬರೆದಿರುವರು. ಕವಿಗಳ ಕಣ್ಣು ಬೆಳ್ದಿಂಗಳಿನ ಮೇಲೆ ಇದ್ದಿರಬಹುದು. ಗೃಹಸ್ಥರ ಕಣ್ಣು ಮಾತ್ರ ಅವರು ಇಳಿದು ನಡೆದ ಸಂಗತಿಯ ಮೇಲೆ ಇರಲಿ. ಹೊತ್ತು ಮೀರಿದಾಗ ದೋಣಿಯನ್ನು ಬಿಟ್ಟು ನಡೆಯುವದರಲ್ಲಿ ಯಾವ ಅವಮಾನವೂ ಇಲ್ಲ.

ಲಂಗರು. ಇರುಳಿನ ನಿದ್ರೆಯೆಲ್ಲವೂ ಲಂಗರಿನ ಮೇಲೆ ನಿಂತಿರುವದು. ಕೆಸರು ಇಲ್ಲವೆ ಮರಳಿನ ತಳದಲ್ಲಿ ಲಂಗರು ಕಚ್ಚುವದು. ಬಂಡೆಯ ಮೇಲೆ ಜಾರುವದು, ಇಲ್ಲವೆ ಸಿಕ್ಕಿಕೊಂಡು ಮೇಲಕ್ಕೆ ಬಾರದು. ಹಗ್ಗವನ್ನು ಎಷ್ಟು ಬಿಡಬೇಕೆಂಬದಕ್ಕೆ ಲೆಕ್ಕವುಂಟು. ನೀರಿನ ಆಳವನ್ನು ಭರತದ ಹೊತ್ತಿಗೆ ಎಣಿಸಿ, ಅದಕ್ಕೆ ದೋಣಿಯ ಮೂತಿಯು ನೀರಿನಿಂದ ಎಷ್ಟು ಎತ್ತರವಿರುವದೋ ಅಷ್ಟನ್ನು ಕೂಡಿಸಿ, ಬಂದ ಮೊತ್ತದ ಐದರಿಂದ ಏಳು ಪಟ್ಟು ಹಗ್ಗವನ್ನು ಬಿಡತಕ್ಕದ್ದು. ನಮ್ಮ ಕರಾವಳಿಯಲ್ಲಿ ಹುಣ್ಣಿಮೆ ಅಮಾವಾಸ್ಯೆಗಳ ಸುಮಾರಿಗೆ ಭರತ ಇಳಿತಗಳ ಅಂತರವು ಒಂದೂವರೆಯಿಂದ ಎರಡು ಮೀಟರಿನ ವರೆಗೆ ಇರುವದು. ಇಳಿತದಲ್ಲಿ ೩ ಮೀಟರು ಆಳವಿದ್ದ ಸ್ಥಳದಲ್ಲಿ ಭರತಕ್ಕೆ ೫ ಮೀಟರು, ಮೂತಿಯ ಎತ್ತರವು ೧ ಮೀಟರು, ಒಟ್ಟು ೬. ಅಂದರೆ ಕಡಿಮೆಯೆಂದರೆ ೩೦ ಮೀಟರು ಹಗ್ಗ, ಗಾಳಿಯಿದ್ದರೆ ೪೨ ಮೀಟರು. ಉದ್ದ ಹಗ್ಗವು ಲಂಗರನ್ನು ಅಡ್ಡಲಾಗಿ ಎಳೆದು ನೆಲದಲ್ಲಿ ಹೂಳುವದು. ಗಿಡ್ಡ ಹಗ್ಗವು ಮೇಲಕ್ಕೆ ಎತ್ತಿ ಕಿತ್ತುಬಿಡುವದು. ಲಂಗರಿನ ಬಳಿಯ ನಾಲ್ಕಾರು ಮೀಟರು ಕಬ್ಬಿಣದ ಸರಪಳಿಯಾಗಿದ್ದರೆ ಇನ್ನೂ ಒಳ್ಳೆಯದು.

ಭರತದಿಂದ ಇಳಿತಕ್ಕೆ ಆರು ತಾಸಿಗಿಂತ ತುಸು ಹೆಚ್ಚು ಹೊತ್ತು ಹಿಡಿಯುವದು. ಆದುದರಿಂದ ಮಲಗಿದಾಗ ತೇಲುತ್ತಿದ್ದ ದೋಣಿಯು ನಡುವಿರುಳಿನಲ್ಲಿ ನೆಲಕಚ್ಚಿ ಓರೆಯಾಗಬಾರದೆಂದು, ಇಳಿತದಲ್ಲಿಯೂ ದೋಣಿಯ ತಳದ ಕೆಳಗೆ ಅರ್ಧ ಮೀಟರಾದರೂ ನೀರು ಉಳಿಯುವಲ್ಲಿಯೇ ನಿಲ್ಲಿಸಬೇಕು. ನೀರಿನ ಸೆಳವು ತಿರುಗಿದಂತೆ ದೋಣಿಯೂ ಹಗ್ಗದ ಸುತ್ತಲೂ ತಿರುಗುವದು. ಆ ತಿರುಗಣೆಯ ವರ್ತುಲದಲ್ಲಿ ಬೇರೆ ದೋಣಿಯಾಗಲಿ, ಬಲೆಯ ಗೂಟವಾಗಲಿ, ಬಂಡೆಯಾಗಲಿ ಇರಕೂಡದು. ಮೀನುದೋಣಿಗಳು ನಸುಕಿನಲ್ಲಿ ಹೋಗುವ ಹಾದಿಯನ್ನು ಹಗಲೇ ಕೇಳಿಕೊಂಡು ಅದನ್ನು ಬಿಟ್ಟು ನಿಲ್ಲತಕ್ಕದ್ದು. ಕೊನೆಗೆ ದಡದ ಮೇಲಿನ ಎರಡು ಗುರುತುಗಳನ್ನು, ಒಂದು ಮರ ಅದರ ಹಿಂದೆ ಒಂದು ದೀಪ ಹೀಗೆ, ಒಂದೇ ಗೆರೆಯಲ್ಲಿ ಕಾಣುವಂತೆ ನೋಡಿಟ್ಟುಕೊಳ್ಳಬೇಕು. ದೋಣಿಯು ತಿರುಗುವಾಗ ಆ ಗೆರೆಯು ತುಸು ಕದಲಬಹುದು. ಆದರೆ ಹೋದ ಗುರುತುಗಳು ತಿರುಗಿ ಗೆರೆಗೆ ಬಾರದೆ ದೂರ ದೂರವಾಗುತ್ತಲೇ ನಡೆದರೆ ಲಂಗರು ಜಾರುತ್ತಿರುವದೆಂದು ತಿಳಿಯಬೇಕು. ಹಗ್ಗದ ಮೇಲೆ ಅಂಗೈಯನ್ನಿಟ್ಟರೂ ಗೊತ್ತಾಗುವದು: ಕಚ್ಚಿದ ಲಂಗರಿನ ಹಗ್ಗವು ಬಿಗಿಯಾಗಿ ಸುಮ್ಮನಿರುವದು, ಜಾರುವ ಲಂಗರಿನದು ನಡುಗುವದು.

ಹಾಸಿಗೆ. ದೋಣಿಯ ನಡುಭಾಗದಲ್ಲಿ, ಆದಷ್ಟು ತಗ್ಗಿನಲ್ಲಿ ಓಲಾಟವು ಕಡಿಮೆ; ಮಲಗಲು ಅದೇ ಸ್ಥಳವು. ಅಗಲವಾದ ಹಾಸಿಗೆಯು ಮನೆಯಲ್ಲಿ ಸುಖಕರವು, ದೋಣಿಯಲ್ಲಿ ಅಲ್ಲ. ಅಗಲದಲ್ಲಿ ದೇಹವು ಇರುಳೆಲ್ಲ ಹೊರಳಾಡಿ ನಿದ್ರೆಯು ಕೆಡುವದು. ಭುಜದ ಅಗಲಕ್ಕಿಂತ ತುಸು ಹೆಚ್ಚಾದ ಹಲಿಗೆಯ ಮೇಲೆ ಮಲಗಿ, ತೆರೆದ ಬದಿಗೆ ಗಟ್ಟಿಯಾದ ಬಟ್ಟೆಯ ಅಡ್ಡವನ್ನು ಕಟ್ಟಿಕೊಂಡರೆ ಕೂಸು ತೊಟ್ಟಿಲಲ್ಲಿದ್ದಂತೆ ನಿಶ್ಚಿಂತೆಯಿಂದ ಮಲಗಬಹುದು.

ಒಳಗಿನ ಕೋಣೆಯನ್ನು ಚಳಿಗೆಂದು ಪೂರ್ಣವಾಗಿ ಮುಚ್ಚುವದು ತಪ್ಪು. ಮಲಗಿದವರ ಉಸಿರಿನ ಆವಿಯೇ ಮೇಲ್ಛಾವಣಿಗೆ ತಾಗಿ ಹನಿಯಾಗಿ ಹಾಸಿಗೆಯ ಮೇಲೆ ಬೀಳುವದು. ಮುಂದೊಂದು, ಹಿಂದೊಂದು ಕಿಂಡಿಯನ್ನು ತೆರೆದಿಟ್ಟು, ಅವಕ್ಕೆ ಸೊಳ್ಳೆಯ ತೆಳುಪರದೆಯನ್ನು ಕಟ್ಟಿದರೆ ಗಾಳಿಯಾಡುವದು. ಕಾಂಡ್ಲಾಗಿಡಗಳ ಹತ್ತಿರದ ಹಿನ್ನೀರಿನಲ್ಲಿ ಸೊಳ್ಳೆಯು ಬಹಳ. ದಡದಿಂದ ನೂರು ಮಾರು ದೂರ ನಿಂತರೆ ಅದರ ಬಾಧೆಯು ಎಷ್ಟೋ ಕಡಿಮೆಯಾಗುವದು. ಮೇಲೆ ಬಯಲಿನಲ್ಲಿ ಮಲಗುವವರು ಹಾಯಿಯ ಅಡ್ಡಮರದ ಮೇಲಿಂದ ಎರಡೂ ಬದಿಗೆ ಒಂದು ತಾಡಪತ್ರಿಯನ್ನು ಡೇರೆಯಂತೆ ಇಳಿಬಿಟ್ಟು ಕಟ್ಟತಕ್ಕದ್ದು. ಜನವರಿಯ ಇಬ್ಬನಿಯು ಮಳೆಯಂತೆಯೇ ತೋಯಿಸುವದು.

ಒದ್ದೆ ಮತ್ತು ಉಪ್ಪು. ಕಡಲಿನ ನೀರಿನಿಂದ ತೊಯ್ದ ಬಟ್ಟೆಯು ಬಿಸಿಲಿನಲ್ಲಿ ಒಣಗಿದಂತೆ ತೋರಿದರೂ ಇರುಳಿಗೆ ಮತ್ತೆ ಹಸಿಯಾಗುವದು. ಬಟ್ಟೆಯಲ್ಲಿ ಉಳಿದ ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುವದೇ ಇದಕ್ಕೆ ಕಾರಣವು. ಆದುದರಿಂದ ಮಲಗುವ ಬಟ್ಟೆಯೇ ಬೇರೆಯಿರಬೇಕು. ಅದು ಹೊರಡುವಾಗಲೇ ನೀರು ತಾಗದ ಚೀಲವೊಂದರಲ್ಲಿ ಕಟ್ಟಲ್ಪಟ್ಟು, ಮಲಗುವ ಹೊತ್ತಿಗೆ ಮಾತ್ರ ಬಿಚ್ಚಲ್ಪಡಬೇಕು. ಮಲಗುವ ಮುಂಚೆ ಒಂದು ತಂಬಿಗೆ ಸಿಹಿನೀರಿನಲ್ಲಿ ಮುಖ, ಕೈಕಾಲುಗಳನ್ನು ಒರಸಿಕೊಂಡರೆ ಉಪ್ಪಿನ ತುರಿಕೆಯು ತಪ್ಪುವದು. ಆ ಒಂದು ತಂಬಿಗೆಯ ಸುಖವು ಮೆತ್ತನೆಯ ಗಾದಿಯಲ್ಲಿಯೂ ಇಲ್ಲ. ಹೊದೆಯಲು ಹತ್ತಿಯ ದುಪ್ಪಟಿಗಿಂತ ನಮ್ಮ ಕಡೆಯ ಕುರಿಯುಣ್ಣೆಯ ಕಂಬಳಿಯೇ ಉತ್ತಮವು. ಹತ್ತಿಯು ತೊಯ್ದರೆ ಮೈಯ ಬಿಸಿಯನ್ನು ಹೀರುವದು. ಉಣ್ಣೆಯು ತುಸು ತೊಯ್ದರೂ ಬೆಚ್ಚಗಿಡುವದು.

ಊಟ ಮತ್ತು ನೀರು. ಕುಡಿಯಲಿಕ್ಕೂ ಅಡಿಗೆಗೂ ಕೂಡಿ ಒಬ್ಬರಿಗೆ ದಿನಕ್ಕೆ ೩ರಿಂದ ೪ ಲೀಟರು ಸಿಹಿನೀರು ಬೇಕು. ಒಂದು ಇರುಳಿಗೆ ಹೊರಟರೂ ಎರಡು ದಿನಗಳಿಗೆ ಸಾಲುವಷ್ಟನ್ನು ಒಯ್ಯತಕ್ಕದ್ದು; ಗಾಳಿಯು ನಮ್ಮ ಪಂಚಾಂಗವನ್ನು ನೋಡಿ ಬೀಸುವದಿಲ್ಲ. ನೀರನ್ನು ಒಂದೇ ದೊಡ್ಡ ಪಾತ್ರೆಯಲ್ಲಿ ತುಂಬದೆ ನಾಲ್ಕಾರು ಚಿಕ್ಕವುಗಳಲ್ಲಿ ತುಂಬಿದರೆ, ಒಂದು ಒಡೆದರೂ ಉಪ್ಪಾದರೂ ಉಳಿದವು ಇರುವವು.

ಅಡಿಗೆಯ ವಿಷಯದಲ್ಲಿ ನಮ್ಮ ಸೀಮೆಯವರಿಗೆ ಒಂದು ವಿಶೇಷ ಅನುಕೂಲವುಂಟು. ಖಡಕ ರೊಟ್ಟಿ, ಶೇಂಗಾದ ಚಟ್ನಿಪುಡಿ, ಹುರಿದ ಅವಲಕ್ಕಿ, ಕಟ್ಟಿಕೊಟ್ಟ ಮೊಸರುಬುತ್ತಿ, ಇವೆಲ್ಲ ಬೆಂಕಿಯನ್ನು ಬೇಡುವದಿಲ್ಲ. ಸಂಜೆಯ ಊಟವನ್ನು ಬೆಳಕಿರುವಾಗಲೇ ಮುಗಿಸಿ ಪಾತ್ರೆಗಳನ್ನು ತೊಳೆದಿಟ್ಟುಬಿಡಬೇಕು. ನಡುವಿರುಳಿನಲ್ಲಿ ಎಚ್ಚರವಿರುವವರಿಗಾಗಿ ತುಸು ಬೆಲ್ಲ ಶೇಂಗಾಗಳನ್ನೂ, ಉಷ್ಣಪಾತ್ರೆಯಲ್ಲಿ ಸುಂಠಿಯ ಕಷಾಯವನ್ನೂ ಕೈಗೆ ಸಿಗುವಲ್ಲಿ ಇಡುವದು. ಓಲಾಟದಿಂದ ವಾಂತಿಯಾಗುವವರಿಗೆ ಸುಂಠಿಯು ಹಿತವು. ಎಣ್ಣೆಯ ತಿಂಡಿಯು ಅಹಿತವು. ಅಂಥವರು ಒಳಗೆ ಕೂಡದೆ ಹೊರಗೆ ದೋಣಿಯ ನಡುವೆ ಕುಳಿತು, ಹತ್ತಿರದ್ದನ್ನು ನೋಡದೆ ದೂರದ ಬಾನಂಚನ್ನು ನೋಡುತ್ತಿರಬೇಕು. ಔಷಧವನ್ನು ವೈದ್ಯರಿಂದ ಕೇಳಿ ಹೊರಡುವ ಮುಂಚೆಯೇ ತೆಗೆದುಕೊಳ್ಳಬೇಕು. ವಾಂತಿಯು ಆರಂಭವಾದ ಮೇಲೆ ಗುಳಿಗೆಯು ಹೊಟ್ಟೆಯಲ್ಲಿ ನಿಲ್ಲುವದಿಲ್ಲ. ಮದ್ಯದ ಸೀಸೆಯನ್ನು ದೋಣಿಗೆ ಏರಿಸಕೂಡದೆಂಬದನ್ನು ಬೇರೆ ಹೇಳಬೇಕಾಗಿಲ್ಲ.

ಬೆಂಕಿ ಮತ್ತು ದೀಪ. ಅಡಿಗೆಯ ಗ್ಯಾಸು ಗಾಳಿಗಿಂತ ಭಾರವಾದುದು. ಮನೆಯಲ್ಲಿ ಸೋರಿದ ಗ್ಯಾಸು ಬಾಗಿಲಿನಿಂದ ಹೊರಗೆ ಹೋಗಬಹುದು. ದೋಣಿಯಲ್ಲಿ ಅದು ನೀರಿನಂತೆ ತಳಕ್ಕಿಳಿದು ಸಂಗ್ರಹವಾಗಿ ಒಂದು ಕಿಡಿಗಾಗಿ ಕಾದಿರುವದು. ಆದುದರಿಂದ ಒಂದಿರುಳಿನ ಪ್ರವಾಸಕ್ಕೆ ಗ್ಯಾಸನ್ನು ಒಯ್ಯದಿರುವದೇ ಲೇಸು. ಅಗ್ಗಿಷ್ಟಿಕೆಯನ್ನಾಗಲಿ, ಒಲೆಯನ್ನಾಗಲಿ, ಸೊಳ್ಳೆಯ ಬತ್ತಿಯನ್ನಾಗಲಿ ಮುಚ್ಚಿದ ಕೋಣೆಯಲ್ಲಿ ಉರಿಸಿ ಮಲಗಬಾರದು. ಕೆಂಡದ ವಿಷಗಾಳಿಗೆ ವಾಸನೆಯಿಲ್ಲ. ಮಲಗಿದವರು ಏಳುವದೇ ಇಲ್ಲ.

ಲಂಗರು ಹಾಕಿ ನಿಂತ ದೋಣಿಯು ಸುತ್ತಲೂ ಕಾಣುವ ಒಂದು ಬಿಳಿಯ ದೀಪವನ್ನು ಎತ್ತರದಲ್ಲಿ ತೋರಬೇಕೆಂಬದು ಲೋಕದ ಎಲ್ಲ ನೀರಿಗೂ ಒಪ್ಪಿದ ನಿಯಮವು. ಅತಿ ಚಿಕ್ಕ ದೋಣಿಗಳಿಗೆ ಕೆಲವೆಡೆ ಇದರಿಂದ ವಿನಾಯಿತಿಯುಂಟು. ಆದರೆ ನಸುಕಿನಲ್ಲಿ ವೇಗದಿಂದ ಬರುವ ಮೀನುದೋಣಿಯವನಿಗೆ ನಮ್ಮ ವಿನಾಯಿತಿಯು ಕಾಣುವದಿಲ್ಲ, ದೀಪವು ಕಾಣುವದು. ಒಳಗೆ ಓಡಾಡಲು ಕೆಂಪು ಬೆಳಕಿನ ಚಿಕ್ಕ ಬ್ಯಾಟರಿಯನ್ನು ಬಳಸುವದು ಒಳ್ಳೆಯದು. ಕಣ್ಣು ಕತ್ತಲೆಗೆ ಒಗ್ಗಲು ಇಪ್ಪತ್ತು ಮೂವತ್ತು ನಿಮಿಷಗಳು ಬೇಕಾಗುವವು. ಒಂದು ಸಲ ಬಿಳಿಯ ಬೆಳಕು ಕಣ್ಣಿಗೆ ಬಿದ್ದರೆ ಅಷ್ಟೂ ವ್ಯರ್ಥವಾಗುವದು.

ದೇಹಧರ್ಮ. ನಾಚಿಕೆಯಿಂದ ಬಿಡುವ ಮಾತು ಇದು. ಆದರೆ ಜೀವದ ಮಾತೂ ಹೌದು. ನಡುವಿರುಳಿನಲ್ಲಿ ನಿದ್ರೆಗಣ್ಣಿನಿಂದ ಎದ್ದು ದೋಣಿಯ ಅಂಚಿನಲ್ಲಿ ನಿಂತು ಮೂತ್ರಕ್ಕೆ ಹೋಗುವವನು, ಯಾರಿಗೂ ತಿಳಿಯದಂತೆ, ಸಪ್ಪಳವಿಲ್ಲದೆ ನೀರಿಗೆ ಬೀಳುವನು. ಇದಕ್ಕೆ ಮುಚ್ಚಳದ ಒಂದು ಬಕೀಟು, ಸುತ್ತಲೂ ಒಂದು ಪರದೆ, ಇಷ್ಟೇ ಉಪಾಯವು. ಗಂಡಸರೂ ಇದನ್ನೇ ಬಳಸತಕ್ಕದ್ದು. ಈ ಅನುಕೂಲವನ್ನು ಮೊದಲೇ ಮಾಡದಿದ್ದರೆ ಹೆಂಗಸರು ಸಂಜೆಯಿಂದಲೇ ನೀರು ಕುಡಿಯುವದನ್ನು ಬಿಟ್ಟು ಸುಮ್ಮನೆ ಸಂಕಟಪಡುವರು. ಮನೆಯ ಯಜಮಾನನಿಗೆ ಅದು ತಿಳಿಯುವದೂ ಇಲ್ಲ. ಮಲಿನವನ್ನು ದಡಕ್ಕೆ ಒಯ್ದು ಯೋಗ್ಯ ಸ್ಥಳದಲ್ಲಿ ಹಾಕಬೇಕು. ಅಘನಾಶಿನಿಯ ಬಳಚುಗಳನ್ನು ಆಯ್ದು ಜೀವಿಸುವವರು ಆ ನೀರಿನಲ್ಲಿಯೇ ನಿಂತು ದುಡಿಯುವರೆಂಬದನ್ನು ಮರೆಯಬಾರದು.

ಜೀವರಕ್ಷಕ ಅಂಗಿ. ದೋಣಿಗೆ ಕಾಲಿಡುವ ಮುಂಚೆಯೇ, ದಡದ ಮೇಲೆಯೇ, ಇದನ್ನು ತೊಟ್ಟು ಗುಂಡಿ ಹಾಕಿಕೊಳ್ಳತಕ್ಕದ್ದು. ಹಲಿಗೆಯ ಕೆಳಗೆ ಇಟ್ಟ ಅಂಗಿಯು ಅಂಗಡಿಯಲ್ಲಿಟ್ಟ ಅಂಗಿಯಂತೆಯೇ. ಮಕ್ಕಳಿಗೆ ಅವರ ಅಳತೆಯದೇ ಬೇಕು. ಕಾಲುಗಳ ನಡುವೆ ಹಾಯುವ ಪಟ್ಟಿಯಿರದಿದ್ದರೆ ನೀರಿನಲ್ಲಿ ಅಂಗಿಯು ತಲೆಯ ಮೇಲಿಂದ ಜಾರಿಹೋಗುವದು. ಹೊರಗೆ ಮಲಗುವವರು ನಿದ್ರೆಯಲ್ಲಿಯೂ ಅದನ್ನು ತೊಟ್ಟಿರಬೇಕು. ಈಜು ಬಲ್ಲೆನೆಂದು ಬಿಡುವವರಿಗೆ ಹೇಳತಕ್ಕದ್ದೇನೆಂದರೆ, ಕತ್ತಲೆಯಲ್ಲಿ, ಇಳಿತದ ಸೆಳವಿನಲ್ಲಿ, ಈಜುಗಾರನಿಗೂ ದೋಣಿಯು ಎಲ್ಲಿರುವದೆಂಬದೇ ತಿಳಿಯದು. ಅಂಗಿಗೆ ಒಂದು ಸೀಟಿಯನ್ನು ಕಟ್ಟಿರಬೇಕು. ಅಂಗಿಗಳೆಷ್ಟೋ ಜನರು ಅಷ್ಟೇ. ಒಂದು ಅಂಗಿ ಕಡಿಮೆಯಾದರೆ ಒಬ್ಬರು ದಡದಲ್ಲಿ ಉಳಿಯಬೇಕು. ದೋಣಿಯು ಎಷ್ಟು ಜನರಿಗೆ ತಕ್ಕದ್ದೆಂದು ಗೊತ್ತುಮಾಡಲ್ಪಟ್ಟಿದೆಯೋ ಅದಕ್ಕಿಂತ ಒಬ್ಬರೂ ಹೆಚ್ಚಾಗಬಾರದು.

ಸಪ್ಪಳ. ಮೊದಲನೆಯ ಇರುಳು ನಿದ್ರೆಯನ್ನು ಕೆಡಿಸುವದು ಓಲಾಟಕ್ಕಿಂತ ಸಪ್ಪಳವೇ. ಹಾಯಿಯನ್ನು ಎತ್ತುವ ಹಗ್ಗವು ಕೂವೆಮರಕ್ಕೆ ಟಕಟಕನೆ ಬಡಿಯುವದು; ಅದನ್ನು ಮರದಿಂದ ದೂರ ಎಳೆದು ಬದಿಗೆ ಕಟ್ಟಿದರೆ ತೀರಿತು. ತಾಟು ತಂಬಿಗೆಗಳ ನಡುವೆ ಬಟ್ಟೆಯನ್ನು ತುರುಕಬೇಕು. ಚುಕ್ಕಾಣಿಯನ್ನು ನಡುವೆ ಬಿಗಿದು ಕಟ್ಟಬೇಕು. ಉಳಿದ ಸಪ್ಪಳಗಳಲ್ಲಿ ಒಂದೊಂದೂ ಯಾವುದರದೆಂದು ಮಲಗುವ ಮುಂಚೆ ಮನೆಯವರಿಗೆಲ್ಲ ತಿಳಿಸಿದರೆ ಭಯವು ಹೋಗುವದು. ಪರಿಚಿತ ಸಪ್ಪಳವು ಜೋಗುಳವಾಗುವದು. ಅದರ ನಡುವೆ ಹೊಸದೊಂದು ಕೇಳಿಬಂದರೆ ಎಚ್ಚರವೂ ತಾನಾಗಿ ಆಗುವದು.

ಪಾಳಿ. ಲಂಗರು ಹಾಕಿ ನಿಂತಿದ್ದರೂ ಇರುಳಿನಲ್ಲಿ ಎರಡು ಮೂರು ಸಲವಾದರೂ ಒಬ್ಬರೆದ್ದು ಗುರುತುಗಳನ್ನೂ ದೀಪವನ್ನೂ ನೋಡತಕ್ಕದ್ದು. ಸೆಳವು ತಿರುಗುವ ಹೊತ್ತಿಗೆ ತಪ್ಪದೆ ನೋಡಬೇಕು. ಬಲ್ಲವರು ಇರುಳಿನಲ್ಲಿಯೇ ಹಾಯಿಯಿಂದ ಸಾಗುವದಾದರೆ ಮೂರು ಮೂರು ತಾಸುಗಳ ಪಾಳಿಯನ್ನು ಬಿಗಿಯಾಗಿ ನಡೆಸಬೇಕು. ಹೊತ್ತು ಮುಳುಗುವ ಮುಂಚೆಯೇ ಹಾಯಿಯನ್ನು ಮಡಿಸಿ ಕಿರಿದುಮಾಡಿಟ್ಟುಕೊಳ್ಳುವದು ಅವಶ್ಯವು. ಹಾಯಿಯನ್ನು ಇಳಿಸಬೇಕೇ ಎಂಬ ಸಂದೇಹವು ಹುಟ್ಟಿದ ಕ್ಷಣವೇ ಇಳಿಸತಕ್ಕ ಕ್ಷಣವು. ಪಾಳಿಯವನು ಎರಡನೆಯವನನ್ನು ಎಬ್ಬಿಸದೆ ಕುಳಿತ ಸ್ಥಳವನ್ನು ಬಿಟ್ಟು ಮುಂದಕ್ಕೆ ಹೋಗಕೂಡದು. ಸೊಂಟದ ಹಗ್ಗವನ್ನು ದೋಣಿಗೆ ಸಿಕ್ಕಿಸಿಕೊಂಡೇ ಕೂಡಬೇಕು. ಭಾರತೀಯ ನೌಕಾಪಡೆಯ ಇಬ್ಬರು ಮಹಿಳಾ ಅಧಿಕಾರಿಗಳು, ದಿಲ್ನಾ ಹಾಗೂ ರೂಪಾ ಎಂಬವರು, ೧೭ ಮೀಟರು ಉದ್ದದ ‘ತಾರಿಣಿ’ ಎಂಬ ಹಾಯಿನೌಕೆಯಲ್ಲಿ ೨೦೨೪ರ ಅಕ್ಟೋಬರ ೨ರಂದು ಗೋವೆಯಿಂದ ಹೊರಟು, ಭೂಮಂಡಲವನ್ನು ಸುತ್ತಿ, ೨೦೨೫ರ ಮೇ ೨೯ರಂದು ಮರಳಿದರು. ಇಬ್ಬರೇ ಇರುವ ನೌಕ್ಕೆಯಲ್ಲಿ ಎಂಟು ತಿಂಗಳ ಕಾಲ ನಿದ್ರೆಯನ್ನು ತುಂಡುತುಂಡಾಗಿಯೇ ಪಡೆಯಬೇಕಾಗುವದು. ಅಂಥ ಶಿಸ್ತು ನಮಗೆ ಒಂದು ಇರುಳಿನ ಮಟ್ಟಿಗಾದರೂ ಸಾಧಿಸಬೇಕು.

ದಡಕ್ಕೆ ಹೇಳಿ ಹೋಗುವದು. ಎಲ್ಲಿಗೆ ಹೋಗುವೆವು, ಯಾರಾರು ಇರುವೆವು, ಯಾವ ಹೊತ್ತಿಗೆ ಮರಳುವೆವು, ಯಾವ ಹೊತ್ತಿನ ವರೆಗೆ ಬಾರದಿದ್ದರೆ ಹುಡುಕಿಸಬೇಕು, ಇವನ್ನು ಕಾಗದದ ಮೇಲೆ ಬರೆದು ದಡದಲ್ಲಿರುವ ಒಬ್ಬ ನಂಬಿಗಸ್ಥರ ಕೈಯಲ್ಲಿ ಕೊಡತಕ್ಕದ್ದು. ದೂರವಾಣಿಯ ಯಂತ್ರವನ್ನು ನೀರು ತಾಗದ ಚೀಲದಲ್ಲಿಟ್ಟು, ಕಡಲುಗಾವಲು ಪಡೆಯ ೧೫೫೪ ಎಂಬ ಸಂಖ್ಯೆಯನ್ನೂ, ಸಾರ್ವತ್ರಿಕವಾದ ೧೧೨ನ್ನೂ ಮಕ್ಕಳಿಗೆ ಸಹ ಬಾಯಿಪಾಠ ಮಾಡಿಸಬೇಕು.

ಇಷ್ಟನ್ನು ಓದಿದವರು ದೋಣಿಯನ್ನು ಎಲ್ಲಿಂದ ತರುವದೆಂದು ಕೇಳಬಹುದು. ನಮ್ಮ ಕರಾವಳಿಯಲ್ಲಿ ಹಾಯಿಯು ಈಗ ಅಪರೂಪವಾಗಿ ಯಂತ್ರಗಳೇ ತುಂಬಿರುವವು. ಹಾಯಿಯ ವಿದ್ಯೆಯನ್ನು ಕಲಿಯಬಯಸುವ ತರುಣರಿಗೆ ಮೈಸೂರಿನ ಬಳಿ ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ರಾಯಲ್ ಮೈಸೂರು ಸೇಲಿಂಗ್ ಕ್ಲಬ್ಬು ಇರುವದು. ಅಲ್ಲಿ ಹಗಲಿನ ವಿದ್ಯೆಯನ್ನು ಕಲಿತು, ಬಳಿಕ ಕರಾವಳಿಯಲ್ಲಿ ಆ ನೀರನ್ನು ಬಲ್ಲ ಮೀನುಗಾರನೊಬ್ಬನನ್ನು ಸಂಗಡ ಕರೆದುಕೊಂಡು ಹೊರಡುವದು ಕ್ರಮವು. ಮೊದಲು ಒಂದು ಮಧ್ಯಾಹ್ನ ಲಂಗರು ಹಾಕಿ, ಉಂಡು, ಮಲಗಿ ನೋಡಬೇಕು. ಎರಡನೆಯ ಸಲ ಅಳಿವೆಯೊಳಗೆ, ಕೂಗಿದರೆ ದಡಕ್ಕೆ ಕೇಳುವಷ್ಟು ಸಮೀಪದಲ್ಲಿ, ಒಂದು ಇರುಳು. ಹೀಗೆ ಹಲವು ಇರುಳುಗಳು ಸುಖವಾಗಿ ಕಳೆದ ಬಳಿಕವೇ ಕಡಲಿನ ಮಾತು.

ಹೊರಡುವ ಸಂಜೆ, ಹೊತ್ತು ಮುಳುಗಲು ಒಂದು ತಾಸಿರುವಾಗ, ಯಜಮಾನನು ಮನಸ್ಸಿನಲ್ಲಿ ಈ ಪ್ರಶ್ನೆಗಳನ್ನು ಕೇಳಿಕೊಳ್ಳಲಿ: ಲಂಗರು ಕಚ್ಚಿರುವದೇ? ದೀಪವು ಉರಿಯುವದೇ? ಎಲ್ಲರ ಮೈಮೇಲೆ ಅಂಗಿಯುಂಟೇ? ಒಣಗಿದ ಬಟ್ಟೆಯೂ ಸಿಹಿನೀರೂ ಉಂಟೇ? ದಡದಲ್ಲಿ ಯಾರಿಗಾದರೂ ಗೊತ್ತೇ? ಒಂದಕ್ಕೆ ಇಲ್ಲವೆಂಬ ಉತ್ತರವು ಬಂದರೂ ಬೆಳಕಿರುವಾಗಲೇ ದಡಕ್ಕೆ ಮರಳಿ, ತಂದ ಬುತ್ತಿಯನ್ನು ಮರಳಿನ ಮೇಲೆ ಕುಳಿತು ಉಂಡು, ಊರಿನೊಳಗೆ ಮಲಗಲಿ. ಎಲ್ಲಕ್ಕೂ ಹೌದೆಂದು ಬಂದರೆ ಕಂಬಳಿಯನ್ನು ಹೊದ್ದುಕೊಳ್ಳಬಹುದು. ನಸುಕಿನಲ್ಲಿ ಘಟ್ಟದ ಕಡೆಯಿಂದ ತಣ್ಣನೆಯ ನೆಲಗಾಳಿಯು ಬಂದು ದೋಣಿಯ ಮೂತಿಯನ್ನು ಮೂಡಲಿಗೆ, ನಮ್ಮೂರಿನ ದಿಕ್ಕಿಗೆ, ತಿರುಗಿಸಿರುವದು.